ಹೊಗೆ ಇಲ್ಲ, ಸರಿ. ಆದರೆ ಡಬ್ಬಿಯಲ್ಲೇನಿದೆ?

"ನೀನು ಸೇದಿ ಸೇದಿ ಮನೆಯೆಲ್ಲ ಹೊಗೆ ಮಾಡ್ತಿದ್ದೆ. ನನ್ನ ನಶ್ಯದಿಂದ ಯಾರಿಗೇನೋ ತೊಂದರೆ?" ಅಂತ ದೊಡ್ಡಪ್ಪ ಕೇಳಿದಾಗ ಬಾಯಿ ಕಟ್ಟಿತು. ಮೊನ್ನೆಮೊನ್ನೆ ಸಿಗರೇಟು ಬಿಟ್ಟ ನನಗೆ ಬುದ್ಧಿ ಹೇಳುವ ಮುಖವಿಲ್ಲ. ಕೆಮಿಸ್ಟ್ರಿ ಓದಿದ್ದೇನೆ, ಅದನ್ನಷ್ಟೇ ಹೇಳುತ್ತೇನೆ.

ಅವರ ಮಾತು ಅರ್ಧ ನಿಜ. ನಶ್ಯಕ್ಕೆ ಬೆಂಕಿ ಸೋಕಿಸುವುದಿಲ್ಲ, ಹಾಗಾಗಿ ಟಾರ್, ಕಾರ್ಬನ್ ಮಾನಾಕ್ಸೈಡಿನ ಕಾಟವಿಲ್ಲ. ಶ್ವಾಸಕೋಶದ ಮಟ್ಟಿಗೆ ಸಿಗರೇಟಿಗಿಂತ ವಾಸಿ ಅಂದರೆ ನಾನು ಜಗಳಕ್ಕೆ ನಿಲ್ಲುವುದಿಲ್ಲ. ಆದರೆ ತಂಬಾಕಿನ ವಿಷವೆಲ್ಲ ಬೆಂಕಿಯಲ್ಲೇ ಹುಟ್ಟುತ್ತದೆ ಅಂದುಕೊಂಡಿದ್ದೇವಲ್ಲ, ಎಡವಿದ್ದು ಅಲ್ಲೇ. ಎಲೆ ಒಣಗಿಸಿ, ಹದಮಾಡಿ, ಹುದುಗಲು ಬಿಟ್ಟಾಗ ಅದರಲ್ಲಿರುವ ನೈಟ್ರೇಟನ್ನು ಬ್ಯಾಕ್ಟೀರಿಯಾಗಳು ನೈಟ್ರೈಟ್ ಮಾಡುತ್ತವೆ. ಅದು ನಿಕೋಟಿನ್ ಮತ್ತದರ ದಾಯಾದಿಗಳ ಜೊತೆ ಸೇರಿದಾಗ ನೈಟ್ರೋಸಮೈನ್ ಎಂಬ ರಾಸಾಯನಿಕಗಳು ಹುಟ್ಟುತ್ತವೆ. ಇವುಗಳಲ್ಲಿ ಎನ್ಎನ್ಎನ್, ಎನ್ಎನ್‌ಕೆ ಎಂಬೆರಡನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಗುಂಪು 1ರಲ್ಲಿಟ್ಟಿದೆ. ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತ. ಹೊಗೆರಹಿತ ತಂಬಾಕಿಗೂ ಅದೇ ಗುಂಪು. ಮಣ್ಣಿನಿಂದ ಎಲೆಗೇರಿದ ಕ್ಯಾಡ್ಮಿಯಂ ಎಂಬ ವಿಷಲೋಹ, ಚೂರು ವಿಕಿರಣ ಸೂಸುವ ಪೊಲೋನಿಯಂ-210 ಬೇರೆ.

ನನಗೆ ಹೆಚ್ಚು ಸೋಜಿಗ ಅನ್ನಿಸಿದ್ದು ಸುಣ್ಣದ ಆಟ. ಕೆಲವು ನಶ್ಯಕ್ಕೆ ಸುಣ್ಣವನ್ನೋ ಬೂದಿಯನ್ನೋ ಬೆರೆಸುತ್ತಾರೆ, ಅದು ಬರೀ ಘಾಟಿಗಲ್ಲ. ಅದರಿಂದ ನಶ್ಯದ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, ಕ್ಷಾರದ ಕಡೆಗೆ ಏರುತ್ತದೆ. ಪಿಎಚ್ 6ರಲ್ಲಿ ನಿಕೋಟಿನ್ ಶೇ. 1ರಷ್ಟು ಮಾತ್ರ ಬಿಡಿಯಾಗಿರುತ್ತದೆ, ಉಳಿದದ್ದು ಲವಣವಾಗಿ ಕಟ್ಟಿಹಾಕಿಕೊಂಡಿರುತ್ತದೆ. ಪಿಎಚ್ 8ಕ್ಕೇರಿದರೆ ಸುಮಾರು ಅರ್ಧ ಬಿಡಿ, 9ರಲ್ಲಿ ಶೇ. 90. ಮೂಗಿನ ತೆಳು ಪೊರೆಯನ್ನು ದಾಟಿ ಸಲೀಸಾಗಿ ರಕ್ತಕ್ಕೆ ಇಳಿಯುವುದು ಈ ಬಿಡಿ ನಿಕೋಟಿನ್ನೇ. ಅದಕ್ಕೇ ಒಂದು ಚಿಟಿಕೆ ಏರಿಸಿದ ಕೆಲವೇ ನಿಮಿಷಕ್ಕೆ ಎದೆಬಡಿತ ಜೋರಾಗುತ್ತದೆ, ಬಿಪಿ ಏರುತ್ತದೆ.

"ತಲೆನೋವಿಗೆ ನಶ್ಯವೇ ಮದ್ದು" ಅನ್ನುವವರಿಗೆ ಒಂದು ಮಾತು. ಚಟ ಹತ್ತಿದವರಿಗೆ ನಿಕೋಟಿನ್ ಇಳಿಯುತ್ತಿದ್ದಂತೆ ತಲೆ ಭಾರವಾಗುತ್ತದೆ, ಮತ್ತೆ ಚಿಟಿಕೆ ಏರಿಸಿದರೆ ಹಗುರ. ಸಾಲ ಕೊಟ್ಟವನೇ ಬಡ್ಡಿ ಕಟ್ಟಲು ಇನ್ನೊಂದು ಸಾಲ ಕೊಟ್ಟ ಹಾಗೆ. ಇನ್ನು ಆಯುರ್ವೇದದ ನಸ್ಯವೂ ಇದೂ ಒಂದೇ ಅಂದುಕೊಂಡವರೂ ಇದ್ದಾರೆ. ಅಲ್ಲ ಮಾರಾಯ್ರೇ, ಅದು ಮೂಗಿಗೆ ಔಷಧ ಹಾಕುವ ಚಿಕಿತ್ಸೆ. ಹೆಸರು ಹತ್ತಿರವಾದ ಮಾತ್ರಕ್ಕೆ ತಂಬಾಕು ಔಷಧವಾಗುವುದಿಲ್ಲ.

1761ರಲ್ಲೇ ಲಂಡನ್ನಿನ ಜಾನ್ ಹಿಲ್ ಎಂಬ ವೈದ್ಯ ನಶ್ಯದ ಚಟವಿದ್ದವರ ಮೂಗಿನಲ್ಲಿ ಬೆಳೆದ ಗೆಡ್ಡೆಗಳ ಬಗ್ಗೆ ಎಚ್ಚರಿಸಿದ್ದ. ಹಾಗಂತ ಭಯ ಹುಟ್ಟಿಸಲು ಉತ್ಪ್ರೇಕ್ಷೆ ಮಾಡಲಾರೆ: ಬಾಯಿ ಕ್ಯಾನ್ಸರಿಗೂ ಅಗಿಯುವ ತಂಬಾಕಿಗೂ ಇರುವಷ್ಟು ಗಟ್ಟಿ ಪುರಾವೆ ಮೂಗಿನ ಕ್ಯಾನ್ಸರಿಗೂ ನಶ್ಯಕ್ಕೂ ಇಲ್ಲ. ಆದರೆ ಮೂಗಿನೊಳಗಿನ ಪೊರೆ ಊದಿಕೊಳ್ಳುವುದು, ಕಸ ತಳ್ಳುವ ಸೂಕ್ಷ್ಮ ರೋಮಗಳು ನಿಧಾನವಾಗುವುದು, ಸದಾ ಕಟ್ಟಿದ ಮೂಗು, ವಾಸನೆ ಹಿಡಿಯುವ ಶಕ್ತಿ ಮೊಂಡಾಗುವುದು, ಇವಕ್ಕೆ ಕ್ಯಾನ್ಸರಿನ ತನಕ ಕಾಯಬೇಕಿಲ್ಲ.

ಹೋದ ವಾರ ದೊಡ್ಡಪ್ಪನ ಪಕ್ಕದ ಸ್ವಿಚ್‌ಬೋರ್ಡಿನಲ್ಲಿ ವೈರು ಸುಟ್ಟು ಮನೆಯೆಲ್ಲ ಕಮಟು. ಒಳಗಿದ್ದ ನಾವು ಓಡಿ ಬಂದೆವು. ಅವರು ಅದೇ ಕುರ್ಚಿಯಲ್ಲಿ ಪೇಪರ್ ಓದುತ್ತ ಕೂತಿದ್ದರು. "ಏನಾಯ್ತೋ, ಯಾಕೆ ಓಡ್ತಿದ್ದೀರ?" ಅಂದರು.