ಸಿಬಿಲ್ ಬಿದ್ದಿದ್ಯಾ? ಕಾರ್ಡ್ ಕತ್ತರಿಸಿ ಬಿಸಾಕ್ಬೇಡಿ, ಚಿಕ್ಕದೊಂದು ಇಟ್ಕೊಂಡು ನೆಟ್ಟಗೆ ಕಟ್ಟಿ

ಸಿಬಿಲ್ ಕೆಟ್ಟೋಯ್ತು ಅಂದ ತಕ್ಷಣ ನಮ್ಮ ಮನೆಗಳಲ್ಲಿ ಎಲ್ರೂ ಹೇಳೋದು ಒಂದೇ, ಆ ದರಿದ್ರ ಕ್ರೆಡಿಟ್ ಕಾರ್ಡ್ ಕತ್ತರಿಸಿ ಬಿಸಾಕು, ಇನ್ಮೇಲೆ ಸಾಲದ ಸಹವಾಸನೇ ಬೇಡ ಅಂತ. ಹೇಳೋರಿಗೆ ಪ್ರೀತಿ ಇದೆ, ಕಾಳಜಿ ಇದೆ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಈ ಸಲಹೆ ಕೇಳಿ ಸುಮ್ನೆ ಕೂತೋರ ಸ್ಕೋರ್ ಮೂರ್ನಾಲ್ಕು ವರ್ಷ ಆದ್ರೂ ಎದ್ದಿಲ್ಲ, ಅಂಥೋರನ್ನ ನಾನು ದಾವಣಗೆರೆಲಿ ಲೋನ್ ಪೇಪರ್, ರಿಟರ್ನ್ಸ್ ಕೆಲಸ ಮಾಡ್ಕೊಂಡು ವರ್ಷಗಳಿಂದ ನೋಡ್ತಾ ಇದೀನಿ. ಅದಕ್ಕೇ ಇಷ್ಟುದ್ದ ಬರೀತಾ ಇರೋದು, ಸಮಯ ಮಾಡ್ಕೊಂಡು ಓದಿ.

ಮೊದಲು ಒಂದು ವಿಷ್ಯ ತಲೇಲಿ ಇಟ್ಕೊಳ್ಳಿ. ಸಿಬಿಲ್ ಸ್ಕೋರ್ ಅನ್ನೋದು 300ರಿಂದ 900ರವರೆಗಿನ ಒಂದು ನಂಬರ್, ನೀವು ಒಳ್ಳೆಯೋರಾ ಕೆಟ್ಟೋರಾ, ಎಷ್ಟು ದುಡೀತೀರಾ, ಎಷ್ಟು ಆಸ್ತಿ ಇದೆ ಅನ್ನೋದು ಅದಕ್ಕೆ ಬೇಕಾಗಿಲ್ಲ. ತಗೊಂಡ ಸಾಲವನ್ನ ಹೇಗೆ ಕಟ್ತಾ ಇದೀರಾ ಅಂತ ಬ್ಯಾಂಕ್‌ಗಳು ಕಳಿಸೋ ಲೆಕ್ಕ ಅಷ್ಟೇ. ಹಂಗಿದ್ಮೇಲೆ ನಿಮ್ಮ ಹೆಸರಲ್ಲಿ ನಡೀತಿರೋ ಸಾಲ ಒಂದೂ ಇಲ್ಲ ಅಂದ್ರೆ ನಿಮ್ಮ ಬಗ್ಗೆ ಹೊಸದಾಗಿ ಒಳ್ಳೇ ಮಾತು ಹೇಳೋಕೆ ಬ್ಯಾಂಕ್ ಹತ್ರ ಏನಿರುತ್ತೆ? ಹಳೇ ಬಾಕಿ, ಹಳೇ ಲೇಟ್ ಪೇಮೆಂಟ್ ಇಷ್ಟೇ ರಿಪೋರ್ಟಲ್ಲಿ ಕೂತಿರುತ್ತೆ. ಏಳು ವರ್ಷ ಆದ್ಮೇಲೆ ತಾನಾಗೇ ಅಳಿಸೋಗುತ್ತೆ ಅಂತ ಕೆಲವರು ಧೈರ್ಯ ಹೇಳ್ತಾರೆ, ಆದ್ರೆ ನಿಯಮದಲ್ಲಿರೋದು ಮಾಹಿತಿನ ಕನಿಷ್ಠ 7 ವರ್ಷ ಇಟ್ಕೋಬೇಕು ಅಂತ, 7 ವರ್ಷಕ್ಕೆ ಅಳಿಸಬೇಕು ಅಂತ ಅಲ್ಲ. ಆ ನಂಬಿಕೆ ಮೇಲೆ ಕಾಯೋದು ಬೇಡ.

ನಮ್ಮೂರಲ್ಲೇ ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ ಇಟ್ಕೊಂಡಿರೋ ಒಬ್ರ ಕಥೆ ಹೇಳ್ತೀನಿ. 2020ರ ಲಾಕ್‌ಡೌನಲ್ಲಿ ಮದುವೆ ಇಲ್ಲ ಜಾತ್ರೆ ಇಲ್ಲ, ಅಂದ್ಮೇಲೆ ಫ್ಲೆಕ್ಸ್ ಮಾಡಿಸೋರು ಯಾರು, ಕಾರ್ಡ್ ಬಾಕಿ ಹಾಗೇ ನಿಂತ್ಕೊಳ್ತು. ರಿಕವರಿಯೋರು ಫೋನ್ ಮೇಲೆ ಫೋನ್ ಮಾಡಿ ಕೊನೆಗೆ ಸೆಟ್ಲ್‌ಮೆಂಟ್ ಮಾಡ್ಕೊಳ್ಳಿ ಅಂದ್ರಂತೆ, 86 ಸಾವಿರ ಬಾಕಿಗೆ 40 ಸಾವಿರ ಕಟ್ಟಿದ್ರೆ ಮುಗೀತು ಅಂತ. ಅವ್ರು ಹೆಂಡ್ತಿ ಒಡವೆ ಅಡ ಇಟ್ಟು ಕಟ್ಟಿದ್ರು. ಮೂರು ವರ್ಷ ಬಿಟ್ಟು ಮನೆ ಸಾಲಕ್ಕೆ ಹೋದ್ರೆ ರಿಜೆಕ್ಟ್. ಆ ಲೆಟರನ್ನ ಪ್ಲಾಸ್ಟಿಕ್ ಕವರಲ್ಲಿ ಜೋಪಾನ ಮಾಡ್ಕೊಂಡು ನನ್ನ ಹತ್ರ ಬಂದ್ರು, "ಅಣ್ಣಾ, ನಾನು ಎಲ್ಲಾ ಮುಗ್ಸಿದೀನಲ್ಲ, ಇಲ್ಲಿ ಬ್ಯಾಂಕಿನ ಸೀಲೇ ಇದೆ ನೋಡಿ" ಅಂತ. ಅದೇ ಲೆಟರ್‌ನ ಕೆಳಗಡೆ ಸಣ್ಣ ಅಕ್ಷರದ ಇಂಗ್ಲಿಷಲ್ಲಿ, ಈ ಖಾತೆನ ಸೆಟಲ್ಡ್ ಅಂತ ರಿಪೋರ್ಟ್ ಮಾಡ್ತೀವಿ ಅಂತ ಬರೆದಿತ್ತು. ಅಂದ್ರೆ ಪೂರ್ತಿ ಕಟ್ಟಿಲ್ಲ, ಬ್ಯಾಂಕ್ ಒಂದಷ್ಟು ದುಡ್ಡು ಬಿಟ್ಕೊಡ್ತು ಅಂತ. ಮುಂದೆ ಸಾಲ ಕೊಡೋ ಬ್ಯಾಂಕಿನೋರ ಕಣ್ಣಿಗೆ ಮೊದಲು ಬೀಳೋದೇ ಅದು. ಪೂರ್ತಿ ಕಟ್ಟಿದ್ರೆ ಅದೇ ಜಾಗದಲ್ಲಿ ಕ್ಲೋಸ್ಡ್ ಅಂತ ಬರುತ್ತೆ.

ಹಾಗಾಗಿ ಹೊಸ ಕಾರ್ಡ್ ಮಾತು ಆಮೇಲೆ, ಮೊದಲು ಹಳೇದನ್ನ ನೋಡಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಅಂತ ಈ ಸಾಲದ ಲೆಕ್ಕ ಇಟ್ಟು ಸ್ಕೋರ್ ಕೊಡೋ ನಾಲ್ಕು ಕಂಪನಿ ಇದಾವೆ, ವರ್ಷಕ್ಕೊಂದ್ಸಲ ಪೂರ್ತಿ ರಿಪೋರ್ಟ್ ಫ್ರೀಯಾಗಿ ಕೊಡ್ಬೇಕು ಅಂತ 2017ರಿಂದಲೇ ನಿಯಮ ಇದೆ. ನಿಮ್ಮ ರಿಪೋರ್ಟ್ ನೀವೇ ನೋಡಿದ್ರೆ ಸ್ಕೋರ್ ಬೀಳಲ್ಲ, ಈ ಹೆದರಿಕೆ ಇನ್ನೂ ಎಷ್ಟೋ ಜನಕ್ಕಿದೆ. ಹೊಸ ಸಾಲಕ್ಕೆ ಅರ್ಜಿ ಹಾಕಿದಾಗ ಬ್ಯಾಂಕಿನೋರು ನೋಡ್ತಾರಲ್ಲ, ಅದು ಲೆಕ್ಕಕ್ಕೆ ಬರುತ್ತೆ, ಒಂದು ಕಡೆ ರಿಜೆಕ್ಟ್ ಆಯ್ತು ಅಂತ ಒಂದೇ ವಾರದಲ್ಲಿ ಐದು ಆ್ಯಪಲ್ಲಿ ಅಪ್ಲೈ ಮಾಡಿದ್ರೆ ಇನ್ನೂ ಕೆಳಗೆ ಹೋಗುತ್ತೆ. ರಿಪೋರ್ಟ್ ತೆಗೆದಾಗ ಒಂದೊಂದು ಸಾಲದ ಕೆಳಗೂ ತಿಂಗಳು ತಿಂಗಳಿನ ಚಿಕ್ಕ ಚಿಕ್ಕ ಚೌಕ ಇರುತ್ತೆ, ಅದರಲ್ಲಿ 000 ಇದ್ರೆ ಸರಿಯಾಗಿ ಕಟ್ಟಿದೀರಾ ಅಂತ, 030 ಅಂತಿದ್ರೆ ಮೂವತ್ತು ದಿನ ಲೇಟ್, 060 ಅಂದ್ರೆ ಅರವತ್ತು ದಿನ. ಸ್ಕೋರ್ ನಂಬರಿಗಿಂತ ಈ ಚೌಕಗಳನ್ನ ಕೂತ್ಕೊಂಡು ಓದಿ, ಎಲ್ಲಿ ಏನಾಗಿದೆ ಅಂತ ಅಲ್ಲೇ ಗೊತ್ತಾಗುತ್ತೆ. ನಿಮ್ದಲ್ಲದ ಸಾಲ, ಕಟ್ಟಿದ್ರೂ ಬಾಕಿ ಅಂತ ತೋರಿಸೋ ಸಾಲ ಕಂಡ್ರೆ ಅಲ್ಲೇ ಆನ್‌ಲೈನಲ್ಲಿ ಡಿಸ್ಪ್ಯೂಟ್, ಅಂದ್ರೆ ಇದು ತಪ್ಪು ಅಂತ ತಕರಾರು ಹಾಕಿ. 30 ದಿನದೊಳಗೆ ಸರಿ ಮಾಡದಿದ್ರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡ್ಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿ 2024ರ ಏಪ್ರಿಲಿಂದ ಅದು ಜಾರಿಲಿದೆ. ಆಗಲೂ ಕೇಳ್ಲಿಲ್ಲ ಅಂದ್ರೆ ಇಂಥ ದೂರುಗಳನ್ನ ವಿಚಾರಿಸೋಕೆ ಇರೋ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಅದಕ್ಕೆ ಖರ್ಚಿಲ್ಲ.

ಇದೇ ಜಾಗದಲ್ಲಿ ಸಿಬಿಲ್ ಕ್ಲಿಯರ್ ಮಾಡಿಸ್ಕೊಡ್ತೀವಿ ಅನ್ನೋ ಏಜೆಂಟ್‌ಗಳು ಸೇರ್ಕೋತಾರೆ. ಹತ್ತು ಸಾವಿರ ಕೊಡಿ, ಎರಡು ತಿಂಗಳಲ್ಲಿ 750 ಮಾಡ್ತೀವಿ ಅಂತ. ಬ್ಯಾಂಕ್ ಕಳಿಸಿದ ನಿಜವಾದ ಲೆಕ್ಕನ ಬದಲಾಯಿಸೋ ಅಧಿಕಾರ ಯಾವ ಏಜೆಂಟಿಗೂ ಇಲ್ಲ, ತಪ್ಪು ಲೆಕ್ಕ ಇದ್ರೆ ಅದನ್ನ ಸರಿ ಮಾಡಿಸೋದು ನೀವೇ ಫ್ರೀಯಾಗಿ ಮಾಡಬಹುದು. ಕಷ್ಟದಲ್ಲಿರೋರ ಜೇಬಿಗೇ ಕೈ ಹಾಕ್ತಾರಲ್ಲ, ನನಗೆ ನಿಜವಾಗ್ಲೂ ಹೊಟ್ಟೆ ಉರಿಯುತ್ತೆ.

ನಮ್ಮ ಫ್ಲೆಕ್ಸ್ ಅಂಗಡಿಯೋರು ಬ್ಯಾಂಕಿಗೆ ಲೆಟರ್ ಬರೆದು, ಬಿಟ್ಟಿದ್ದ ಬಾಕಿನೂ ಕಟ್ತೀವಿ ಅಂತ ಕೇಳಿ, ಎರಡು ಕಂತಲ್ಲಿ ಕಟ್ಟಿ, ಬಾಕಿ ಏನೂ ಇಲ್ಲ ಅನ್ನೋ ನೋ ಡ್ಯೂ ಸರ್ಟಿಫಿಕೇಟ್ ತಗೊಂಡ್ರು, ರಿಪೋರ್ಟಲ್ಲಿ ಕ್ಲೋಸ್ಡ್ ಅಂತ ಬರೋವರೆಗೂ ಬಿಡ್ಲಿಲ್ಲ. ಆಮೇಲೆ ನಾನು ಕಾರ್ಡ್ ತಗೊಳ್ಳಿ ಅಂದಾಗ ಅವ್ರ ಹೆಂಡ್ತಿಗೆ ಸಿಟ್ಟೇ ಬಂತು, ಮತ್ತೆ ಅದೇ ಹಾಳು ಗುಂಡಿಗೆ ಬೀಳ್ಸ್ತೀರಾ ಅಂತ. ಆಯಮ್ಮನ ಸಿಟ್ಟು ನ್ಯಾಯವಾದದ್ದೇ. ಆದ್ರೆ ನಾನು ಹೇಳಿದ್ದು ಎಫ್‌ಡಿ, ಅಂದ್ರೆ ಬ್ಯಾಂಕಲ್ಲಿ ಇಟ್ಟ ಠೇವಣಿ ಮೇಲೆ ಕೊಡೋ ಕಾರ್ಡ್. ಸ್ಕೋರ್ ಕಮ್ಮಿ ಇದ್ರೂ ಇದು ಸಾಮಾನ್ಯವಾಗಿ ಸಿಗುತ್ತೆ, ಯಾಕಂದ್ರೆ ನಿಮ್ಮ ಎಫ್‌ಡಿನೇ ಗ್ಯಾರಂಟಿ. ಅವ್ರು 25 ಸಾವಿರ ಎಫ್‌ಡಿ ಇಟ್ರು, 20 ಸಾವಿರ ಲಿಮಿಟ್ ಸಿಕ್ತು, ಎಫ್‌ಡಿಗೆ ಬಡ್ಡಿ ಅದರ ಪಾಡಿಗೆ ಬರ್ತಾ ಇರುತ್ತೆ, ಕಾರ್ಡ್ ಇರೋವರೆಗೂ ಆ ದುಡ್ಡು ತೆಗೆಯೋಕಾಗಲ್ಲ ಅಷ್ಟೇ. ಬಿಲ್ ಕಟ್ಟದೇ ಹೋದ್ರೆ ಬ್ಯಾಂಕ್ ಎಫ್‌ಡಿಯಿಂದ ಹಿಡ್ಕೊಳ್ಳುತ್ತೆ, ಲೇಟ್ ಆಗಿದ್ದು ರಿಪೋರ್ಟಿಗೂ ಹೋಗುತ್ತೆ, ಹಾಗಾಗಿ ನಮ್ದೇ ದುಡ್ಡಲ್ವಾ ಅಂತ ಉದಾಸೀನ ಮಾಡೋ ಹಾಗಿಲ್ಲ.

ಈಗ ನಾನು ಒತ್ತಿ ಹೇಳ್ಬೇಕಾಗಿರೋದು. ಬಿಲ್ ಬಂದಾಗ ಟೋಟಲ್ ಡ್ಯೂ, ಅಂದ್ರೆ ಪೂರ್ತಿ ಬಾಕಿ ಅಂತ ಒಂದು, ಮಿನಿಮಮ್ ಡ್ಯೂ, ಅಂದ್ರೆ ಕನಿಷ್ಠ ಇಷ್ಟಾದ್ರೂ ಕಟ್ಟಿ ಅಂತ ಇನ್ನೊಂದು ಇರುತ್ತೆ, ಆ ಮಿನಿಮಮ್ ಅನ್ನೋ ಅಂಕಿನ ನೋಡ್ಲೇಬೇಡಿ. 50 ಸಾವಿರ ಬಾಕಿ ಇದೆ, ಮಿನಿಮಮ್ 5 ಪರ್ಸೆಂಟ್ ಅಂದ್ರೆ 2,500 ಕಟ್ಟಿದ್ರಿ ಅಂತ ಇಟ್ಕೊಳ್ಳಿ. ತಿಂಗಳಿಗೆ ಮೂರೂವರೆ ಪರ್ಸೆಂಟ್ ಬಡ್ಡಿ ಹಿಡಿದ್ರೆ 1,750, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 315, ಒಟ್ಟು 2,065 ಅಲ್ಲೇ ಹೋಯ್ತು, ಅಸಲಿಗೆ ಹೋಗಿದ್ದು ಬರೀ 435 ರೂಪಾಯಿ. ಜೊತೆಗೆ ಹಳೇ ಬಾಕಿ ಉಳಿಸ್ಕೊಂಡಿದ್ರೆ ಹೊಸದಾಗಿ ಕೊಂಡಿದ್ದಕ್ಕೂ ಬಡ್ಡಿ ಇಲ್ಲದ ದಿನಗಳು ಸಿಗಲ್ಲ, ಉಜ್ಜಿದ ದಿನದಿಂದಲೇ ಬಡ್ಡಿ. ಎಟಿಎಂಗೆ ಹಾಕಿ ಕ್ಯಾಶ್ ತೆಗೆದ್ರೂ ಅಷ್ಟೇ, ಆ ದಿನದಿಂದಲೇ. ಅಂಗಡಿಲಿ ಕಾರ್ಡ್ ಉಜ್ಜಿ ಕಮಿಷನ್ ಕೊಟ್ಟು ಕ್ಯಾಶ್ ತಗೊಳ್ಳೋದು, ಒಂದು ಕಾರ್ಡಿನ ಬಿಲ್ಲಿಗೆ ಇನ್ನೊಂದು ಕಾರ್ಡ್ ಉಜ್ಜೋದು, ರೊಟೇಷನ್ ಅಂತಾರಲ್ಲ, ನಾನು ನೋಡಿದ ಕೆಟ್ಟೋದ ಸ್ಕೋರ್‌ಗಳಲ್ಲಿ ತುಂಬಾ ಅಲ್ಲಿಂದಲೇ ಶುರುವಾಗಿದ್ದು.

ಇನ್ನೊಂದು, ಇದು ಬೇಗ ಯಾರಿಗೂ ಗೊತ್ತಾಗಲ್ಲ. ಫ್ಲೆಕ್ಸ್ ಅಂಗಡಿಯೋರು ಪ್ರತಿ ತಿಂಗಳೂ ಡ್ಯೂ ಡೇಟಿಗೆ, ಅಂದ್ರೆ ಬಿಲ್ ಕಟ್ಟೋ ಕೊನೇ ದಿನಕ್ಕೆ ಮುಂಚೆನೇ ಪೂರ್ತಿ ಕಟ್ತಿದ್ರು, ಆದ್ರೂ ರಿಪೋರ್ಟಲ್ಲಿ 20 ಸಾವಿರ ಲಿಮಿಟಲ್ಲಿ 18 ಸಾವಿರ ಬಾಕಿ ಅಂತ ತೋರಿಸ್ತಿತ್ತು. ಕಾರಣ ಏನಂದ್ರೆ ಸಾಮಾನ್ಯವಾಗಿ ಬಿಲ್ ಆಗೋ ಹೊತ್ತಿಗೆ ಎಷ್ಟು ಬಾಕಿ ಇರುತ್ತೋ ಅದು ರಿಪೋರ್ಟಿಗೆ ಹೋಗುತ್ತೆ, ನೀವು ಆಮೇಲೆ ಕಟ್ಟಿದ್ದು ಆ ಲೆಕ್ಕದಲ್ಲಿ ಕಾಣಲ್ಲ. ಲಿಮಿಟಲ್ಲಿ 90 ಪರ್ಸೆಂಟ್ ಬಳಸೋ ಮನುಷ್ಯ ಅಂದ್ರೆ ದುಡ್ಡಿಗೆ ಕಷ್ಟ ಇದೆ ಅಂತ ಅರ್ಥ ಮಾಡ್ಕೋತಾರೆ. 30 ಪರ್ಸೆಂಟ್ ಒಳಗಿರ್ಲಿ ಅನ್ನೋದು ವಾಡಿಕೆ ಮಾತು, ಕಾನೂನೇನಲ್ಲ. ಅವ್ರಿಗೆ 5ನೇ ತಾರೀಕು ಬಿಲ್ ಆಗ್ತಿತ್ತು, 2ನೇ ತಾರೀಕೇ 14 ಸಾವಿರ ಕಟ್ಬಿಡಿ ಅಂದೆ, ಬಿಲ್ 4 ಸಾವಿರಕ್ಕೆ ಬಂತು, ಅಂದ್ರೆ 20 ಪರ್ಸೆಂಟ್. ಖರ್ಚು ಮಾಡಿದ್ದು ಅಷ್ಟೇ, ಕಟ್ಟಿದ್ದೂ ಅಷ್ಟೇ, ತಾರೀಕು ಮಾತ್ರ ಬದಲಾಯ್ತು. 2025ರ ಜನವರಿಯಿಂದ ಬ್ಯಾಂಕ್‌ಗಳು ಹದಿನೈದು ದಿನಕ್ಕೊಂದ್ಸಲನಾದ್ರೂ ಲೆಕ್ಕ ಕಳಿಸ್ಬೇಕು ಅಂತ ಆಗಿರೋದ್ರಿಂದ ಒಳ್ಳೇದೂ ಕೆಟ್ಟದ್ದೂ ಬೇಗ ಕಾಣುತ್ತೆ. ಆಮೇಲೆ ಅವ್ರಿಗೇ ಅನ್ನಿಸಿ ಆ ಕಾರ್ಡಿಗೆ ಮೊಬೈಲ್ ಬಿಲ್, ಗ್ಯಾಸ್, ಪೆಟ್ರೋಲ್ ಮೂರೇ ಇಟ್ಕೊಂಡ್ರು, ಪೂರ್ತಿ ಬಿಲ್ಲಿಗೆ ಆಟೋ ಡೆಬಿಟ್ ಹಾಕಿಸಿದ್ರು. ಆಟೋ ಡೆಬಿಟ್ ಹಾಕ್ಸೋವಾಗ ಮಿನಿಮಮ್ ಡ್ಯೂ ಅಂತ ಟಿಕ್ ಆಗಿರ್ಬಾರ್ದು, ಇದನ್ನ ಎರಡು ಸಲ ನೋಡಿ. ಡ್ಯೂ ಡೇಟ್ ದಾಟಿ ಮೂರು ದಿನದವರೆಗೆ ಲೇಟ್ ಫೀಸ್ ಹಾಕೋ ಹಾಗಿಲ್ಲ, ಬಾಕಿ ಅಂತ ರಿಪೋರ್ಟ್ ಮಾಡೋ ಹಾಗಿಲ್ಲ ಅಂತ ನಿಯಮ ಇದೆ, ಸರ್ವರ್ ಡೌನ್ ಆದಾಗ ಆಸರೆಗಿರ್ಲಿ, ಅದನ್ನೇ ನಂಬ್ಕೊಂಡು ಕೂರ್ಬೇಡಿ.

ಸುಮಾರು ಒಂದೂವರೆ ವರ್ಷ ಹಿಡೀತು, 600ರ ಹತ್ರ ಇದ್ದದ್ದು 700 ದಾಟ್ತು. ಎಲ್ರಿಗೂ ಇಷ್ಟೇ ಸಮಯ ಆಗುತ್ತೆ ಅಂತ ನಾನು ಹೇಳಲ್ಲ, ಹಳೇ ಗಾಯ ಎಷ್ಟು ದೊಡ್ಡದು ಅನ್ನೋದರ ಮೇಲಿದೆ. ಆದ್ರೆ ಸಿಗೋ ಲಾಭ ಚಿಕ್ಕದಲ್ಲ. ಸರ್ಕಾರಿ ಬ್ಯಾಂಕ್‌ಗಳೂ ಮನೆ ಸಾಲದ ಬಡ್ಡಿನ ಸ್ಕೋರ್ ನೋಡೇ ಹಾಕೋದು. 30 ಲಕ್ಷಕ್ಕೆ 20 ವರ್ಷ ಅಂದ್ರೆ ಎಂಟೂವರೆ ಪರ್ಸೆಂಟ್ ಬಡ್ಡಿಗೂ ಒಂಬತ್ತು ಪರ್ಸೆಂಟಿಗೂ ಕಂತಲ್ಲಿ ತಿಂಗಳಿಗೆ 950 ರೂಪಾಯಿ ಮೇಲೇ ವ್ಯತ್ಯಾಸ, ಕೊನೆಗೆ ಎರಡು ಲಕ್ಷದ ಮೇಲಾಗುತ್ತೆ. ಸ್ಕೋರ್ ಎದ್ದ ಮೇಲೆ ದೊಡ್ಡ ಲಿಮಿಟ್ ಕೊಡ್ತೀವಿ, ಇನ್ನೊಂದು ಕಾರ್ಡ್ ಕೊಡ್ತೀವಿ ಅಂತ ಫೋನ್ ಶುರುವಾಗುತ್ತೆ, ನಿಮ್ಮ ಒಪ್ಪಿಗೆ ಇಲ್ಲದೇ ಲಿಮಿಟ್ ಏರಿಸೋ ಹಾಗಿಲ್ಲ, ಬೇಡ ಅನ್ನಿ. ಆದ್ರೆ ಕೆಲಸ ಆಯ್ತು ಅಂತ ಎಫ್‌ಡಿ ಕಾರ್ಡನ್ನ ಮಾರನೇ ದಿನವೇ ಕ್ಲೋಸ್ ಮಾಡ್ಬೇಡಿ, ಹಳೇ ಖಾತೆಯ ಇತಿಹಾಸಕ್ಕೂ ಬೆಲೆ ಇದೆ.

ಕೊನೆಗೆ ಬ್ಯಾಂಕಿನೋರಿಗೊಂದು ಮಾತು. ಕಾರ್ಡಿನ ಷರತ್ತುಗಳನ್ನ ಸರಳ ಭಾಷೇಲಿ, ಆದಷ್ಟು ಇಂಗ್ಲಿಷ್ ಹಿಂದಿ ಜೊತೆ ಸ್ಥಳೀಯ ಭಾಷೇಲೂ ಕೊಡಿ ಅಂತ ರಿಸರ್ವ್ ಬ್ಯಾಂಕ್ 2022ರ ನಿರ್ದೇಶನದಲ್ಲೇ ಹೇಳಿದೆ. ಅದೇ ಮರ್ಯಾದೆ ಸೆಟ್ಲ್‌ಮೆಂಟ್ ಲೆಟರಿಗೂ ಸಿಗಲಿ. ಇಷ್ಟು ಕಟ್ಟಿದ್ರೆ ನಿಮ್ಮ ರಿಪೋರ್ಟಲ್ಲಿ ಹೀಗೆ ಬರುತ್ತೆ, ಪೂರ್ತಿ ಕಟ್ಟಿದ್ರೆ ಹೀಗೆ ಬರುತ್ತೆ, ಮನೆ ಸಾಲ ಕೇಳೋವಾಗ ತೊಂದರೆ ಆಗಬಹುದು ಅಂತ ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ, ಸಹಿ ಹಾಕೋ ಜಾಗದ ಮೇಲೇ ಬರೀರಿ. ನಮ್ಮ ಫ್ಲೆಕ್ಸ್ ಅಂಗಡಿಯೋರು ಸೆಟ್ಲ್‌ಮೆಂಟ್ ಮಾಡ್ಕೊಂಡ 2021ರಲ್ಲೇ ಅದನ್ನ ಓದಿದ್ದಿದ್ರೆ, ಒಡವೆ ಅಡ ಇಟ್ಟಿದ್ದೇ ಇಟ್ಟಿದ್ದು, ಇನ್ನಷ್ಟು ಸಮಯ ಕೇಳಿ ಪೂರ್ತಿನೇ ಕಟ್ತಿದ್ದೆ ಅಂತ ಅವ್ರೇ ನನ್ನ ಹತ್ರ ಹೇಳಿದ್ದಾರೆ. ನಿಮ್ಮ ಕೈಗೆ ಈಗ ಅಂಥ ಲೆಟರ್ ಬಂದಿದ್ರೆ, ಸಹಿ ಹಾಕೋಕೆ ಮುಂಚೆ ಇಂಗ್ಲಿಷ್ ಓದೋಕೆ ಬರೋ ಯಾರಿಂದಾದ್ರೂ ಒಂದೊಂದೇ ಸಾಲು ಓದಿಸಿ ಕೇಳ್ಕೊಳ್ಳಿ.