ದಯವಿಟ್ಟು ಚಿಪ್ಪು ಸುಲಿಯಬೇಡಿ

ಮೊಟ್ಟೆ ಬಿರುಕು ಬಿಟ್ಟು ಅರ್ಧ ದಿನವಾದರೂ ಬಾತುಕೋಳಿ ಮರಿ ಹೊರಗೆ ಬರದಿದ್ದರೆ ನಾವೇ ಚಿಪ್ಪು ಸುಲಿಯಬೇಕು ಅಂತ ಮರಿ ಮಾಡಿಸುವ ಬಗ್ಗೆ ನೀವು ಬರೆದ ಲೇಖನದಲ್ಲಿದೆ. ದಯವಿಟ್ಟು ಆ ಸಾಲನ್ನು ತಿದ್ದಿ. ಮೊದಲ ತೂತು ಬಿದ್ದ ಮೇಲೆ 24ರಿಂದ 48 ಗಂಟೆ ಹಿಡಿಯುವುದು ಮಾಮೂಲು. ಆ ಹೊತ್ತಲ್ಲಿ ಮರಿ ಸುಮ್ನೆ ಮಲಗಿರುವುದಿಲ್ಲ. ಉಳಿದ ಹಳದಿ ಭಾಗವನ್ನು ಹೊಟ್ಟೆಯೊಳಗೆ ಎಳೆದುಕೊಳ್ಳುತ್ತಿರುತ್ತದೆ. ಒಳಪೊರೆಯ ನಾಳಗಳಲ್ಲಿರುವ ರಕ್ತವೂ ಮೈಗೆ ಸೇರಬೇಕು. ಅವಸರಪಟ್ಟರೆ ರಕ್ತ ಸುರಿದು ಮರಿ ಸಾಯುತ್ತದೆ. ನನ್ನ ಕೈಯಲ್ಲೇ ಒಂದು ಹಾಗೆ ಹೋಯಿತು, ಇನ್ನೂ ಮರೆಯಲು ಆಗಿಲ್ಲ.

ಕಾವಿಗೆ ಇಟ್ಟ 28ನೇ ದಿನದ ಹೊತ್ತಿಗೆ ಮೊಟ್ಟೆಯನ್ನು ಕಿವಿ ಹತ್ತಿರ ಹಿಡಿದು ನೋಡಿ. ಒಳಗಿಂದ ಸಣ್ಣಗೆ ಚಿಂವ್ ಚಿಂವ್ ಕೇಳಿಸುತ್ತದೆ! ಕೊಕ್ಕಿನ ತುದಿಯಲ್ಲಿ ಅಕ್ಕಿ ನುಚ್ಚಿನಷ್ಟು ಗಟ್ಟಿ ಮುಳ್ಳಿರುತ್ತದೆ. ಅದರಿಂದ ಕುಟ್ಟುತ್ತದೆ, ದಣಿದು ನಿಲ್ಲುತ್ತದೆ, ಸ್ವಲ್ಪ ತಿರುಗಿ ಮತ್ತೆ ಕುಟ್ಟುತ್ತದೆ. ಹೀಗೆ ಸುತ್ತಲೂ ಕೊರೆದು ಕೊನೆಗೆ ಮುಚ್ಚಳದ ಹಾಗೆ ತಳ್ಳಿ ಬರುತ್ತದೆ. ಮೈಯೆಲ್ಲ ಒದ್ದೆ ದಾರದಂತೆ ಅಂಟಿಕೊಂಡಿರುತ್ತದೆ. ಕೆಲವೇ ಗಂಟೆಯಲ್ಲಿ ಒಣಗಿ ಹತ್ತಿಯ ಉಂಡೆಯಂತೆ ಆಗುತ್ತದೆ.

ಬಣ್ಣದ ಬಗ್ಗೆ ಕೇಳಿದವರಿಗೆ: ಬಿಳಿ ಪೆಕಿನ್ ಬಾತುಕೋಳಿಯ ಮರಿ ಹಳದಿ ಇರುತ್ತದೆ. ಅದು ನಯವಾದ ತುಪ್ಪಳದ ಬಣ್ಣ ಅಷ್ಟೇ. ನಿಜವಾದ ಗರಿ ಬಂದಂತೆ, ಸುಮಾರು 7-8 ವಾರಕ್ಕೆ, ಬಿಳಿಯಾಗುತ್ತದೆ. ಮಲ್ಲಾರ್ಡ್ ಎಂಬ ಕಾಡು ಬಾತುಕೋಳಿಯ ಮರಿಗೆ ಹಳದಿ ಮೇಲೆ ಕಂದು ಪಟ್ಟೆ, ಕಣ್ಣಿಗೊಂದು ಗೆರೆ. ಹುಲ್ಲಲ್ಲಿ ಕೂತರೆ ಕಾಣುವುದೇ ಇಲ್ಲ. ಗಂಡಿನ ಹಸಿರು ತಲೆ ಆಮೇಲೆ ಬರುತ್ತದೆ. ಹೆಣ್ಣಿನ ಕಂದು ಬಣ್ಣಕ್ಕೆ ಅಂಡಾಶಯದಲ್ಲಿ ತಯಾರಾಗುವ ಈಸ್ಟ್ರೋಜನ್ ಎಂಬ ಹಾರ್ಮೋನ್ ಕಾರಣ. ಅಂಡಾಶಯ ಕೆಟ್ಟರೆ ಹೆಣ್ಣಿಗೂ ಗಂಡಿನಂಥ ಗರಿ ಬರಬಹುದು, ಆಶ್ಚರ್ಯ ಅಲ್ವಾ?