ಖಜಾಂಚಿಯ ಎಡಗೈ

ಬ್ಯಾಂಕಿನಿಂದ ನಿವೃತ್ತನಾದವನು ಎರಡು ಕಡೆ ಸುಳಿಯಬಾರದು. ಒಂದು, ದೇವಸ್ಥಾನದ ಸಮಿತಿ ಸಭೆ. ಇನ್ನೊಂದು, ಮೊಮ್ಮಕ್ಕಳ ಶಾಲೆ. ಎರಡೂ ಕಡೆ ಯಾರಾದರೂ ಒಬ್ಬರು ನಗುತ್ತಾ ಹತ್ತಿರ ಬಂದು, "ನೀವು ಬ್ಯಾಂಕಲ್ಲಿದ್ದವರಲ್ವಾ ಸಾರ್?" ಅಂತ ಕೇಳುತ್ತಾರೆ. ಹೌದು ಅಂದಿರೋ, ಕೈಗೆ ರಶೀದಿ ಪುಸ್ತಕ ಬಂತು. ದೇವಸ್ಥಾನದಿಂದ ನಾನು ಹೇಗೋ ತಪ್ಪಿಸಿಕೊಂಡಿದ್ದೆ. ಆದರೆ ಮೊಮ್ಮಗಳು ಮರೆತು ಹೋದ ಟಿಫಿನ್ ಡಬ್ಬಿ ಕೊಡಲು ಶಾಲೆಗೆ ಹೋದವನು, ಮನೆಗೆ ಬರುವಾಗ ತಾಲ್ಲೂಕಿನ ಸ್ಕೌಟ್ಸ್ ಮತ್ತು ಗೈಡ್ಸ್ ಸ್ಥಳೀಯ ಸಂಸ್ಥೆಯ ಖಜಾಂಚಿಯಾಗಿದ್ದೆ.

"ನನಗೆ ಸರಿಯಾಗಿ ಒಂದು ಗಂಟು ಹಾಕಲಿಕ್ಕೂ ಬರಲ್ಲ ಮೇಡಂ" ಅಂದೆ. ಕಾರ್ಯದರ್ಶಿ ಮೇಡಂ ಮೂವತ್ತು ಹುಡುಗಿಯರನ್ನು ಒಂದೇ ಸೀಟಿ ಊದಿ ನಿಲ್ಲಿಸುವ ಗೈಡ್ ಕ್ಯಾಪ್ಟನ್. "ಹಗ್ಗದ ಗಂಟು ಮಕ್ಕಳು ನೋಡಿಕೊಳ್ತಾರೆ ಸಾರ್. ನೀವು ದುಡ್ಡಿನ ಗಂಟು ನೋಡಿಕೊಳ್ಳಿ" ಅಂದರು.

ನೋಡಿಕೊಳ್ಳೋಣ ಅಂದರೆ ಗಂಟೇ ಇರಲಿಲ್ಲ. ಪಾಸ್‌ಬುಕ್ಕಿನಲ್ಲಿ 2,340 ರೂಪಾಯಿ. ಬೀರುವಿನಲ್ಲಿ ಎರಡು ಟೆಂಟು, ಎರಡಕ್ಕೂ ಸೇರಿ ಒಂದೂವರೆ ಟೆಂಟಿನಷ್ಟು ಬಟ್ಟೆ. ಒಂದು ಕಡೆ ಚರ್ಮವೇ ಇಲ್ಲದ ಡೋಲು. ಹಗ್ಗ ಮಾತ್ರ ಬೇಕಾದಷ್ಟಿತ್ತು.

ಮೊದಲ ತಿಂಗಳು ಭಾಷೆ ಕಲಿಯುವುದರಲ್ಲೇ ಹೋಯಿತು. ಬಂದ ಮೊದಲ ಬಿಲ್ಲಿನಲ್ಲೇ "ಪೆಟ್ರೋಲ್ ಬಾವುಟ, 4" ಅಂತ ಬರೆದಿತ್ತು. ಪೆಟ್ರೋಲಿಗೆ ಯಾಕ್ರೀ ಬಾವುಟ ಅಂತ ಕೇಳಿದೆ. ಪೆಟ್ರೋಲ್ ಅಂದರೆ ಆರರಿಂದ ಎಂಟು ಮಕ್ಕಳ ತಂಡ ಅಂತ ಆಮೇಲೆ ತಿಳಿಯಿತು. ಹುಡುಗರ ತಂಡಗಳಿಗೆ ಹುಲಿ, ಹದ್ದು ಅಂತ ಪ್ರಾಣಿ ಪಕ್ಷಿಗಳ ಹೆಸರು. ಹುಡುಗಿಯರದಕ್ಕೆ ಹೂವಿನ ಹೆಸರು. ನನ್ನ ಮೊಮ್ಮಗಳದು ಗುಲಾಬಿ ಪೆಟ್ರೋಲ್. ಅಂಥದ್ದು ಯಾವ ಬಂಕಿನಲ್ಲೂ ಸಿಗಲಿಕ್ಕಿಲ್ಲ. ಇನ್ನೊಂದು ಬಿಲ್ಲಿನಲ್ಲಿ "ಗ್ಯಾಜೆಟ್ ಸಾಮಗ್ರಿ" ನೋಡಿ ಎದೆ ಧಸಕ್ಕೆಂದಿತು, ಎಷ್ಟು ಸಾವಿರವೋ ಅಂತ. ಇವರ ಗ್ಯಾಜೆಟ್ ಅಂದರೆ ಕೋಲುಗಳನ್ನು ಹಗ್ಗದಲ್ಲಿ ಬಿಗಿದು ಮಾಡಿದ ಚಪ್ಪಲಿ ಸ್ಟ್ಯಾಂಡು! ಚಾರ್ಜ್ ಮಾಡಬೇಕಿಲ್ಲ, ಕೆಟ್ಟರೆ ಬಿಚ್ಚಿ ಮತ್ತೆ ಕಟ್ಟಬಹುದು.

ಸ್ಕೌಟ್ ನಿಯಮಗಳು ಒಂಬತ್ತು. ಮಕ್ಕಳು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾರೆ. ನಾನು ಮನಸ್ಸಿಗೆ ಹಚ್ಚಿಕೊಂಡದ್ದು ಎಂಟನೆಯದನ್ನು ಮಾತ್ರ, ಸ್ಕೌಟ್ ಮಿತವ್ಯಯಿ. ಉಳಿದ ಎಂಟನ್ನು ಬೇರೆಯವರು ಪಾಲಿಸಲಿ ಅಂತ ಬಿಟ್ಟಿದ್ದೇನೆ.

ಭಾಷೆ ಆಯಿತು, ಇನ್ನು ಕೈ. ಸ್ಕೌಟುಗಳು ಎಡಗೈ ಕುಲುಕುತ್ತಾರೆ. ಹೃದಯ ಎಡಗಡೆ ಇರುವುದರಿಂದ ಅದು ಹೃದಯಕ್ಕೆ ಹತ್ತಿರವಂತೆ. ಕಾರಣವೇನೋ ಚೆನ್ನಾಗಿದೆ, ಆದರೆ ನಮ್ಮಲ್ಲಿ ಎಡಗೈಗೆ ಬೇರೆ ಉದ್ಯೋಗ ಇದೆ. ಹೊಸ ಹುರುಪಿನಲ್ಲಿ ಕೊರಳಿಗೆ ಸ್ಕಾರ್ಫ್ ಕಟ್ಟಿಕೊಂಡು ಬೆಳಿಗ್ಗೆ ಬೆಳಿಗ್ಗೆಯೇ ಒಬ್ಬ ಮಂಡಿ ಸಾಹುಕಾರರ ಹತ್ತಿರ ದೇಣಿಗೆಗೆ ಹೋದೆ. ಅವರು ಗಲ್ಲಾಪೆಟ್ಟಿಗೆ ತೆಗೆದು, 500ರ ನೋಟನ್ನು ಕಣ್ಣಿಗೊತ್ತಿಕೊಂಡು ಚಾಚಿದರು. ನಾನು ಎರಡು ವಾರದ ಅಭ್ಯಾಸದಲ್ಲಿ ಎಡಗೈ ಚಾಚಿದೆ. ನೋಟು ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು.

"ಬೋಣಿಗೆ ಹೊತ್ತಲ್ಲಿ ಎಡಗೈ ಒಡ್ತೀರಲ್ರೀ ಯಜಮಾನ್ರೇ!"

ನಾನು ಹೃದಯದ ವಿಷಯ ವಿವರಿಸಿದೆ. "ಹೃದಯ ಅದರ ಜಾಗದಲ್ಲಿರಲಿ, ಲಕ್ಷ್ಮಿ ಅವಳ ಜಾಗದಲ್ಲಿರಲಿ" ಅಂದರು. ಬಲಗೈ ಒಡ್ಡಿದ ಮೇಲೆ ನೋಟು ಮತ್ತೆ ಹೊರಬಂತು. ಅಷ್ಟರಲ್ಲಿ ಅದು 200ರದ್ದಾಗಿತ್ತು.

ನವೆಂಬರ್ 7 ನಮ್ಮ ದೊಡ್ಡ ಹಬ್ಬ. 1950ರಲ್ಲಿ ಅದೇ ದಿನ ಬೇರೆ ಬೇರೆಯಾಗಿದ್ದ ಸ್ಕೌಟ್ ಸಂಸ್ಥೆಗಳು ಒಂದಾಗಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಹುಟ್ಟಿತು. ಗೈಡ್‌ಗಳು ಬಂದು ಸೇರಿದ್ದು 1951ರ ಆಗಸ್ಟ್ 15ಕ್ಕೆ. ಹೆಣ್ಣುಮಕ್ಕಳು ಒಂಬತ್ತು ತಿಂಗಳು ಯೋಚನೆ ಮಾಡಿ ಬಂದರು ಅಂತ ನಾನು ಸಭೆಯಲ್ಲಿ ತಮಾಷೆ ಮಾಡಿದೆ. ಕಾರ್ಯದರ್ಶಿ ಮೇಡಂ ನಗಲಿಲ್ಲ. "ಅಷ್ಟು ಯೋಚನೆ ಮಾಡಿದ್ದಕ್ಕೇ ಇವತ್ತಿಗೂ ಹಾಜರಿ ಪುಸ್ತಕದಲ್ಲಿ ಅವರೇ ಜಾಸ್ತಿ" ಅಂದರು.

ಅವತ್ತು ಮಕ್ಕಳು ಧ್ವಜದ ಚೀಟಿ ಹಿಡಿದು ಪೇಟೆಗೆ ಇಳಿಯುತ್ತಾರೆ. ತೊಂದರೆ ಏನಪ್ಪಾ ಅಂದರೆ ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 7ಕ್ಕೆ, ಸಶಸ್ತ್ರ ಪಡೆಗಳ ಧ್ವಜ ದಿನ. ಅದಕ್ಕೂ ಚೀಟಿ ಉಂಟು. ಅಂಗಡಿಯವರಿಗೆ ಯಾವುದು ಯಾರದ್ದು ಅಂತ ಗೊತ್ತಾಗುವುದು ಹೇಗೆ? ಬಸ್ ಸ್ಟ್ಯಾಂಡಿನ ಟೀ ಅಂಗಡಿಯವರು ತಮ್ಮ ಗಾಜಿನ ಕಪಾಟು ತೋರಿಸಿದರು. ವರ್ಷಾನುವರ್ಷದ ಚೀಟಿಗಳು ಅದರ ಮೇಲೆ ಸಾಲಾಗಿ ಅಂಟಿದ್ದವು. ಒಳಗಿನ ಬನ್ನು ಕಾಣುತ್ತಲೇ ಇರಲಿಲ್ಲ. "ಇನ್ನೊಂದು ಅಂಟಿಸಿದರೆ ವ್ಯಾಪಾರವೇ ನಿಲ್ಲುತ್ತೆ ಸಾರ್" ಅಂದರು. ಚೀಟಿಯ ದುಡ್ಡು ಕೊಟ್ಟರು, ಚೀಟಿ ಬೇಡ ಅಂದರು. ಆ ಚೀಟಿಯನ್ನು ಮತ್ತೊಬ್ಬರಿಗೆ ಮಾರಬಹುದಾ ಅಂತ ಒಬ್ಬ ಹುಡುಗ ಕೇಳಿದ. ಎಂಟನೇ ನಿಯಮ ನೋಡಿದರೆ ಮಾರಬಹುದು. ಒಂದನೇ ನಿಯಮ, ಸ್ಕೌಟ್ ನಂಬಿಕಸ್ಥ ಅನ್ನುವುದು, ಅಡ್ಡ ಬಂತು.

ಆಹಾರ ಮೇಳದ ಅರ್ಥಶಾಸ್ತ್ರ ಇನ್ನೂ ಸೊಗಸು. ಅಮ್ಮಂದಿರು ಮನೆಯಿಂದ ಮಂಡಕ್ಕಿ, ಈರುಳ್ಳಿ, ಎಣ್ಣೆ ಕೊಡುತ್ತಾರೆ. ಮಕ್ಕಳು ಗಿರ್ಮಿಟ್ ಕಲಸುತ್ತಾರೆ. ಅದನ್ನು ಅದೇ ಅಮ್ಮಂದಿರು ಬಂದು ದುಡ್ಡು ಕೊಟ್ಟು ತಿನ್ನುತ್ತಾರೆ. ಬಂಡವಾಳ ಅವರದ್ದು, ಗಿರಾಕಿ ಅವರು, ಕೊನೆಗೆ ಪಾತ್ರೆ ತೊಳೆಯುವವರೂ ಅವರೇ. ಲಾಭ ಮಾತ್ರ ಸಂಸ್ಥೆಗೆ. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಇಂಥ ವ್ಯವಹಾರ ನಾನು ಕಂಡಿಲ್ಲ.

ನನಗೆ ಮೆಚ್ಚುಗೆಯಾದದ್ದು ಖರಿ ಕಮಾಯಿ. ಹಿಂದಿಯಲ್ಲಿ ನಿಜವಾದ ಗಳಿಕೆ ಅಂತ ಅರ್ಥ. ನಮ್ಮ ಮಕ್ಕಳ ಬಾಯಲ್ಲಿ ಅದು "ಖಾರಾ ಕಮಾಯಿ" ಆಗಿದೆ, ನಾನು ತಿದ್ದಲು ಹೋಗಿಲ್ಲ. ಇಂಗ್ಲೆಂಡಿನಲ್ಲಿ 1949ರಲ್ಲಿ "ಬಾಬ್ ಎ ಜಾಬ್" ಅಂತ ಶುರುವಾದದ್ದೂ ಇದೇ ಬಗೆಯದು. ಬಾಬ್ ಅಂದರೆ ಅವರ ಆಗಿನ ಒಂದು ಶಿಲ್ಲಿಂಗು ನಾಣ್ಯ. ಸುಮ್ನೆ ಕೈ ಚಾಚುವಂತಿಲ್ಲ. ಮನೆ ಮನೆಗೆ ಹೋಗಿ, ಏನಾದರೂ ಕೆಲಸ ಮಾಡಿಕೊಟ್ಟು, ಅವರು ಕೊಟ್ಟಷ್ಟು ತರಬೇಕು. ಪ್ರತಿ ಮಗುವಿಗೆ ನಾವೊಂದು ಕಾರ್ಡು ಕೊಡುತ್ತೇವೆ. ಯಾವ ಕೆಲಸ, ಎಷ್ಟು ದುಡ್ಡು ಅಂತ ಮನೆಯವರು ಬರೆದು ಸಹಿ ಹಾಕಬೇಕು.

ನಮ್ಮ ಮನೆಯಲ್ಲೇ ಮೊದಲ ಜಗಳ. ಮೊಮ್ಮಗಳು ಮೆಂತ್ಯ ಸೊಪ್ಪು ಬಿಡಿಸಿ, ಕೈ ತೊಳೆದುಕೊಂಡು ಬಂದು, ಅಜ್ಜಿಯ ಮುಂದೆ ಕಾರ್ಡು ಹಿಡಿದಳು. ಐದು ರೂಪಾಯಿ. ಅಜ್ಜಿ ಸಹಿ ಹಾಕಿ ಕೊಟ್ಟು ನನ್ನ ಕಡೆ ತಿರುಗಿದಳು. "ಸೊಪ್ಪಿಗೆ ಐದಾದರೆ, ನಲವತ್ತು ವರ್ಷದ್ದು ಎಷ್ಟಾಯಿತು ಅಂತ ಲೆಕ್ಕ ಹಾಕಿ. ಖಜಾಂಚಿ ಅಲ್ವಾ ನೀವು?" ನಾನು ಪೇಪರ್ ಓದತೊಡಗಿದೆ.

ವಾರ ಕಳೆದು ಕಾರ್ಡುಗಳು ನನ್ನ ಮೇಜಿಗೆ ಬಂದವು. ಕೂಡಿಸಲು ಕೂತವನು ಕೂಡಿಸುವುದನ್ನು ಮರೆತು ಓದುತ್ತಾ ಹೋದೆ. "ಬಾವಿಯಿಂದ ಆರು ಕೊಡ ನೀರು, 10 ರೂ." "ಫ್ಯಾನಿನ ಧೂಳು, 10 ರೂ., ಹುಡುಗನ ತಲೆ ಮೇಲೇ ಬಿತ್ತು." "ಕನ್ನಡಕ ಹುಡುಕಿಕೊಟ್ಟದ್ದು, 2 ರೂ., ಹಣೆ ಮೇಲೇ ಇತ್ತು." ಒಂದು ಕಾರ್ಡಿನಲ್ಲಿ ನಡುಗುವ ಕೈಯ ಅಕ್ಷರ: "ಕೂತು ಮಾತು ಕೇಳಿದ್ದು, 20 ರೂ." ಆ ಹುಡುಗಿಯನ್ನು ಕರೆದು, ಏನಮ್ಮಾ ಇದು ಅಂತ ಕೇಳಿದೆ. ಕೆರೆ ಬೀದಿಯ ಅಜ್ಜಿಯ ಮನೆಯಂತೆ. ಕೆಲಸ ಏನೂ ಇಲ್ಲ, ಕೂತ್ಕೋ ಅಂದರಂತೆ. ಎಷ್ಟು ಹೊತ್ತು ಕೂತಿದ್ದೆ ಅಂದೆ. "ಸಂಜೆ ತನಕ ಸಾರ್. ಆಮೇಲೆ ಅಜ್ಜಿಗೆ ನಿದ್ದೆ ಬಂತು."

ಆ ವಾರದ ಒಟ್ಟು ಗಳಿಕೆ 1,186 ರೂಪಾಯಿ. ಮುಕ್ಕಾಲು ಪಾಲು ಚಿಲ್ಲರೆ. ಕೌಂಟರಿನ ಒಳಗಿದ್ದಾಗ ಚಿಲ್ಲರೆ ಚೀಲ ತರುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ನಾಳೆ ಬನ್ನಿ ಅಂತ ಎಷ್ಟೋ ಜನರನ್ನು ಕಳಿಸಿದ್ದೇನೆ. ಈಗ ಹೊರಗೆ ನಿಂತು ಚೀಲ ಮೇಲಿಟ್ಟೆ. ಒಳಗಿದ್ದ ಹುಡುಗಿ ಒಂದು ಕಾಲಕ್ಕೆ ನನ್ನ ಕೈಕೆಳಗೇ ಕೆಲಸ ಕಲಿತವಳು. ಚೀಲ ನೋಡಿ, ನನ್ನ ಮುಖ ನೋಡಿ, "ನಾಳೆ ಬರ್ತೀರಾ ಸಾರ್?" ಅಂದಳು. ಚೆನ್ನಾಗಿಯೇ ಕಲಿತಿದ್ದಾಳೆ.

ದುಡ್ಡು ಹೋದದ್ದು ಎಲ್ಲಿಗೆ ಅಂದರೆ ಶಿಬಿರಕ್ಕೆ. ಈ ಸಲ ಹರಿಹರ ತಾಲ್ಲೂಕಿನ ಕೊಂಡಜ್ಜಿಗೆ ಹೋಗಿದ್ದೆವು. ನಾಡಿನ ಸ್ಕೌಟಿಂಗಿಗಾಗಿ ದುಡಿದ ಕೊಂಡಜ್ಜಿ ಬಸಪ್ಪನವರ ಊರು. ಕೆರೆ ಇದೆ, ಗುಡ್ಡ ಇದೆ. ದೊಡ್ಡಬಳ್ಳಾಪುರದ ಆನಿ ಬೆಸೆಂಟ್ ಪಾರ್ಕಿಗೆ ಹೋಗೋಣ ಅಂತಲೂ ಮಾತು ಬಂದಿತ್ತು. ಬಸ್ಸಿನ ಬಾಡಿಗೆ ಕೇಳಿ ನಾನು ಎಂಟನೇ ನಿಯಮ ಓದಿದೆ. ಶಿಬಿರದಲ್ಲಿ ಪಾತ್ರೆ ಇಲ್ಲದೆ ಅಡುಗೆ ಮಾಡುವ ಪರೀಕ್ಷೆ ಇರುತ್ತದೆ. ಆಲೂಗೆಡ್ಡೆಗೆ ಮಣ್ಣು ಮೆತ್ತಿ ಕೆಂಡದಲ್ಲಿ ಸುಡುವುದು, ಕಲ್ಲಿನ ಮೇಲೆ ರೊಟ್ಟಿ. ಪರೀಕ್ಷಕರು ರುಚಿ ನೋಡಿದರು, ನನಗೂ ಕೊಟ್ಟರು. ಅರ್ಧ ಬೆಂದಿತ್ತು. ಪಾತ್ರೆಯ ಖರ್ಚಿಲ್ಲ ಅನ್ನುವ ಒಂದೇ ಕಾರಣಕ್ಕೆ ನಾನು ಪೂರ್ತಿ ತಿಂದೆ.

ಫೆಬ್ರವರಿ 22 ಸ್ಕೌಟಿಂಗ್ ಶುರು ಮಾಡಿದ ಬೇಡನ್ ಪೊವೆಲ್ ಹುಟ್ಟಿದ ದಿನ. ಅವರ ಹೆಂಡತಿ ಓಲೇವ್ ಹುಟ್ಟಿದ್ದೂ ಫೆಬ್ರವರಿ 22ರಂದೇ. ಇದಕ್ಕಿಂತ ಮಿತವ್ಯಯ ಉಂಟೇ? ಒಂದೇ ಪೆಂಡಾಲು, ಒಂದೇ ಡಬ್ಬ ಮೈಸೂರುಪಾಕು.

ಮಾರ್ಚಿಗೆ ಲೆಕ್ಕ ತಪಾಸಣೆ. ಬಂದಾತ ನನ್ನ ಮಗನಿಗಿಂತ ಚಿಕ್ಕವನು. ಬಸ್ಸು, ಟೆಂಟು, ಡೋಲಿನ ಚರ್ಮ ಎಲ್ಲಕ್ಕೂ ಹಸಿರು ಪೆನ್ನಿನಲ್ಲಿ ಟಿಕ್ ಹಾಕುತ್ತಾ ಬಂದವನು ಒಂದು ಕಡೆ ನಿಂತ. ಖರಿ ಕಮಾಯಿ ವಾಪಸ್, 10 ರೂ.

"ಇದಕ್ಕೆ ವೋಚರ್ ಎಲ್ಲಿ ಸಾರ್?"

ಆದದ್ದು ಇಷ್ಟೇ. ಏಳನೇ ಕ್ಲಾಸಿನ ಹುಡುಗನೊಬ್ಬ ನಮ್ಮ ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರರ ಸ್ಕೂಟರ್ ತೊಳೆದಿದ್ದ. ಚೆನ್ನಾಗಿಯೇ ತೊಳೆದಿದ್ದ. ಪ್ಲಗ್ಗಿನೊಳಗೂ ತೊಳೆದಿದ್ದ. ಅವರು ಹತ್ತು ರೂಪಾಯಿ ಕೊಟ್ಟು, ಬೆನ್ನು ತಟ್ಟಿ ಕಳಿಸಿದರು. ಮರುದಿನ ಸ್ಕೂಟರ್ ಸ್ಟಾರ್ಟ್ ಆಗಲಿಲ್ಲ. ಅವರು ಅದನ್ನು ತಳ್ಳಿಕೊಂಡು ಗ್ಯಾರೇಜಿಗೆ ಹೋಗುವುದು ಶಾಲೆಯ ದಾರಿಯಲ್ಲಿ ಹುಡುಗನ ಕಣ್ಣಿಗೆ ಬಿತ್ತು. ಸಂಜೆ ನನ್ನ ಬಾಗಿಲಲ್ಲಿ ನಿಂತು, ಆ ಹತ್ತು ರೂಪಾಯಿ ವಾಪಸ್ ಕೊಡಿ ಸಾರ್, ಅವರಿಗೆ ಕೊಡಬೇಕು ಅಂದ. ಬ್ಯಾಂಕಿಗೆ ಕಟ್ಟಿ ಆಗಿದೆ ಕಣೋ ಅಂದೆ. ಅವನು ಹೋಗಲಿಲ್ಲ. ಹಾಗೇ ನಿಂತಿದ್ದ. ಕೊಟ್ಟೆ.

ಮೂವತ್ತಾರು ವರ್ಷ ಊರಿನವರಿಗೆಲ್ಲ ವೋಚರ್ ವೋಚರ್ ಅಂತ ಪೀಡಿಸಿದವನು ನಾನು. ಈ ಹುಡುಗನ ಮುಂದೆ ಏನು ವಾದ ಮಾಡಲಿ? ಒಂದು ಹಾಳೆಯಲ್ಲಿ "ಸ್ಕೂಟರ್ ಸ್ಟಾರ್ಟ್ ಆಗದ ಕಾರಣ ಹಿಂತಿರುಗಿಸಿದ್ದು, 10 ರೂ." ಅಂತ ಬರೆದುಕೊಂಡು ಪಕ್ಕದ ಮನೆಗೆ ಹೋದೆ. ಪೋಸ್ಟ್‌ಮಾಸ್ಟರರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ರೆವಿನ್ಯೂ ಸ್ಟಾಂಪು ಬೇಡ್ವಾ ಅಂತ ಕೇಳಿದರು. ಬೇಡ ಅಂದೆ. ಮೆಕ್ಯಾನಿಕ್ಕಿಗೆ ಎಷ್ಟಾಯಿತು ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ತಾರೀಖು ಸಮೇತ ದುಂಡಗೆ ಸಹಿ ಹಾಕಿ ಕೊಟ್ಟರು. ನಾನು ಗೇಟು ದಾಟುತ್ತಿದ್ದಾಗ ಒಳಗಿಂದಲೇ ಕೂಗಿ ಹೇಳಿದರು.

"ಬರೋ ವರ್ಷವೂ ಆ ಹುಡುಗನನ್ನೇ ಕಳಿಸಿ. ಸ್ಕೂಟರ್ ಬೇಡ. ಫ್ಯಾನ್ ಇದೆ."